ವಾಹನ ವಿಚಾರ: ಘಟ್ಟದ ದಾರಿ, ಕಡಲ ಗಾಳಿ ಮತ್ತು ಲೀಟರಿನ ಲೆಕ್ಕ

ಮಳೆಗಾಲ ಮುಗಿದು ರಸ್ತೆಗಳು ಒಣಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅಳಲನ್ನು ತೋಡಿಕೊಳ್ಳುತ್ತವೆ: ಕಾರು ಮೊದಲಿನಷ್ಟು ಮೈಲೇಜ್ ಕೊಡುತ್ತಿಲ್ಲ, ಏನು ಮಾಡಬೇಕು? ಈ ಸಲ ಅಂಥ ಪತ್ರಗಳನ್ನಷ್ಟೇ ಎತ್ತಿಕೊಂಡು, ಒಂದರ ಉತ್ತರ ಇನ್ನೊಂದಕ್ಕೆ ನೆರವಾಗುವ ಹಾಗೆ ಜೋಡಿಸಿದ್ದೇನೆ.

ಪ್ರಶ್ನೆ: ನನ್ನ ಪೆಟ್ರೋಲ್ ಕಾರು ಲೀಟರಿಗೆ 22 ಕಿ.ಮೀ. ಓಡುತ್ತದೆ ಎಂದು ಕಂಪನಿಯವರು ಹೇಳಿದ್ದರು. ಕಾರಿನ ಪರದೆ 17.4 ಎಂದು ತೋರಿಸುತ್ತದೆ. ನಾನು ಪ್ರತಿ ಸಲ ಸಾವಿರ ರೂಪಾಯಿಯ ಪೆಟ್ರೋಲ್ ಹಾಕಿಸಿ, ಮುಳ್ಳು ಕೆಳಗಿಳಿಯುವುದನ್ನು ನೋಡಿ ಲೆಕ್ಕ ಹಾಕಿದರೆ 15 ಬರುತ್ತದೆ. ಮೂರರಲ್ಲಿ ಯಾವುದನ್ನು ನಂಬಬೇಕು?
— ಓರ್ವ ಶಿಕ್ಷಕಿ, ಕುಮಟಾ

ಉತ್ತರ: ಸದ್ಯಕ್ಕೆ ಮೂರನ್ನೂ ನಂಬಬೇಡಿ. ಕಂಪನಿ ಹೇಳುವ ಸಂಖ್ಯೆ ಸುಳ್ಳಲ್ಲ; ಅದು ಪ್ರಯೋಗಾಲಯದಲ್ಲಿ ರೋಲರುಗಳ ಮೇಲೆ ಕಾರನ್ನು ನಿಲ್ಲಿಸಿ, ಗೊತ್ತುಪಡಿಸಿದ ವೇಗದ ಏರಿಳಿತಗಳಲ್ಲಿ ಸುಮಾರು 20 ನಿಮಿಷ ಓಡಿಸಿ ಪಡೆದ ಫಲಿತಾಂಶ. ಆ ಪರೀಕ್ಷೆಯಲ್ಲಿ ವೇಗ ಗಂಟೆಗೆ 90 ಕಿ.ಮೀ. ಮೀರುವುದಿಲ್ಲ, ಎ.ಸಿ. ಚಾಲೂ ಇರುವುದಿಲ್ಲ, ಏರುದಾರಿಯಿಲ್ಲ, ಎದುರು ಗಾಳಿಯಿಲ್ಲ, ಹಿಂದಿನ ಸೀಟಿನಲ್ಲಿ ಮಕ್ಕಳೂ ಇಲ್ಲ. ಎರಡು ಬೇರೆ ಬೇರೆ ಕಾರುಗಳನ್ನು ಹೋಲಿಸಿ ಕೊಳ್ಳುವವರಿಗೆ ಆ ಸಂಖ್ಯೆಯಿಂದ ಉಪಯೋಗವಿದೆಯೇ ಹೊರತು, ಕುಮಟಾ ಪೇಟೆಯಲ್ಲಿ ನಿಮ್ಮ ಕಾರು ಎಷ್ಟು ಕುಡಿಯುತ್ತದೆ ಎಂಬುದನ್ನು ಅದು ಹೇಳಲಾರದು. ಪರದೆಯ ಮೇಲಿನ ಸಂಖ್ಯೆಯೂ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಕಂಪ್ಯೂಟರ್ ಊಹಿಸಿದ ಲೆಕ್ಕವಾದ್ದರಿಂದ ಸಾಮಾನ್ಯವಾಗಿ ಕೊಂಚ ಹೆಚ್ಚನ್ನೇ ತೋರಿಸುತ್ತದೆ. ಇನ್ನು ಮುಳ್ಳನ್ನು ನೋಡಿ ಹಾಕುವ ಲೆಕ್ಕವಂತೂ, ಇಳಿಜಾರಿನಲ್ಲಿ ಕಾರು ನಿಲ್ಲಿಸಿದರೆ ಸಾಕು, ಬದಲಾಗಿಬಿಡುತ್ತದೆ.

ಸರಿಯಾದ ಕ್ರಮ ಹಳೆಯದು ಮತ್ತು ಸುಲಭವಾದದ್ದು. ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ನಾಜಲ್ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ ಓಡೋಮೀಟರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಿಂತ ಮೇಲೆ ಮತ್ತೆ ಮತ್ತೆ ಒತ್ತಿ ಕತ್ತಿನವರೆಗೆ ತುಂಬಿಸಬೇಡಿ. ಪೆಟ್ರೋಲ್ ಆವಿಯನ್ನು ಹಿಡಿದಿಡುವ ವ್ಯವಸ್ಥೆಗೆ ಅದರಿಂದ ಹಾನಿಯಾಗುತ್ತದೆ. ಮುಕ್ಕಾಲು ಟ್ಯಾಂಕ್ ಖಾಲಿಯಾದ ನಂತರ ಅದೇ ರೀತಿ ಮತ್ತೆ ತುಂಬಿಸಿ. ಎರಡು ಸಲ ತುಂಬಿಸಿದ ನಡುವೆ 412 ಕಿ.ಮೀ. ಓಡಿ, ಎರಡನೆಯ ಸಲ 24.6 ಲೀಟರ್ ಹಿಡಿಸಿತು ಎಂದಾದರೆ ಮೈಲೇಜ್ 16.7 ಆಯಿತು. ಇದನ್ನು ಮೂರು ಸಲ ಮಾಡಿ ಸರಾಸರಿ ತೆಗೆದರೆ ಅದು ನಿಮ್ಮ ಕಾರಿನ ನಿಜವಾದ ಸಂಖ್ಯೆ. ಇನ್ನು ಮುಂದೆ ಏನೇ ಬದಲಾವಣೆ ಮಾಡಿದರೂ, ಯಾರೇ ಏನೇ ಮಾರಲು ಬಂದರೂ, ಈ ಸಂಖ್ಯೆಯ ಎದುರಿಗಿಟ್ಟು ನೋಡಿ. ಅಳತೆಯಿಲ್ಲದೆ ಮೈಲೇಜಿನ ಚರ್ಚೆಗೆ ಕೂರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಇಲ್ಲದ ದೋಷಕ್ಕೆ ಗ್ಯಾರೇಜಿನಲ್ಲಿ ಸಾವಿರಾರು ರೂಪಾಯಿ ಸುರಿದವರನ್ನು ಬಹಳ ಮಂದಿ ನೋಡಿದ್ದೇನೆ.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ. ವಾರಕ್ಕೊಮ್ಮೆ ದೇವಿಮನೆ ಘಟ್ಟದ ಮೂಲಕ ಕುಮಟಾಕ್ಕೆ ಹೋಗಿ ಬರುತ್ತೇನೆ. ಸಪಾಟು ರಸ್ತೆಯಲ್ಲಿ 18 ಕೊಡುವ ಕಾರು, ಘಟ್ಟ ಹತ್ತಿ ಬರುವಾಗ 14ಕ್ಕೆ ಇಳಿಯುತ್ತದೆ. ಇದು ಇಂಜಿನ್ ದೋಷವೇ? ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ನೆರೆಮನೆಯವರು ಹೇಳುತ್ತಾರೆ. ಅವರು ಕೆಲವೊಮ್ಮೆ ಇಂಜಿನ್ನನ್ನೇ ಬಂದ್ ಮಾಡುತ್ತಾರಂತೆ. ನಾನೂ ಹಾಗೆ ಮಾಡಬಹುದೇ?
— ಓರ್ವ ಓದುಗರು, ಶಿರಸಿ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಮಾಡಬೇಡಿ, ಮತ್ತು ನಿಮ್ಮ ನೆರೆಯವರಿಗೂ ಈ ಪುಟವನ್ನು ಓದಿಸಿ.

ಇಂಜಿನ್ ಬಂದ್ ಆದ ಕಾರಿನಲ್ಲಿ ಬ್ರೇಕಿಗೆ ಬಲ ತುಂಬುವ ಬೂಸ್ಟರಿನಲ್ಲಿ ಉಳಿಯುವುದು ಎರಡು ಮೂರು ಸಲ ಒತ್ತುವಷ್ಟು ಶಕ್ತಿ ಮಾತ್ರ. ಆಮೇಲೆ ಪೆಡಲು ಕಲ್ಲಿನಂತಾಗುತ್ತದೆ. ಪವರ್ ಸ್ಟಿಯರಿಂಗ್ ಕೂಡ ಕೆಲಸ ನಿಲ್ಲಿಸುತ್ತದೆ. ಕೀಲಿ ಪೂರ್ತಿ ತಿರುಗಿ ಹೊರಬಂದರೆ ಸ್ಟಿಯರಿಂಗ್ ಲಾಕ್ ಆಗುವ ಅಪಾಯವೂ ಇದೆ. ಎದುರಿನಿಂದ ಬಸ್ಸು ಬರುವ ತಿರುವಿನಲ್ಲಿ ಹೀಗಾದರೆ ಏನಾಗಬಹುದೆಂಬುದನ್ನು ಘಟ್ಟದವರಿಗೆ ನಾನು ವಿವರಿಸಬೇಕಾಗಿಲ್ಲ. ಇಂಜಿನ್ ಚಾಲೂ ಇಟ್ಟು ಬರೀ ನ್ಯೂಟ್ರಲ್ ಮಾಡಿದರೂ ಕಾರನ್ನು ತಡೆಯುವ ಇಡೀ ಹೊರೆ ಬ್ರೇಕಿನ ಮೇಲೆ ಬೀಳುತ್ತದೆ. ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ನಮ್ಮ ಕಡೆಯ ತೇವದ ಹವೆಯಲ್ಲಿ ಬ್ರೇಕ್ ಆಯಿಲ್ ನೀರನ್ನು ಹೀರಿಕೊಂಡಿರುತ್ತದೆಯಾದ್ದರಿಂದ, ಬಹಳ ಕಾದಾಗ ಅದು ಕುದಿದು ಪೆಡಲು ಪೂರ್ತಿ ಕೆಳಗೆ ಹೋಗುವ ಸಂಭವವಿದೆ. ಆ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಅಪಾಯ ಮೈಮೇಲೆ ಎಳೆದುಕೊಂಡರೂ ನ್ಯೂಟ್ರಲ್‌ನಿಂದ ಘಟ್ಟದಲ್ಲಿ ಪೆಟ್ರೋಲ್ ಉಳಿಯುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಕಾರ್ಬ್ಯುರೇಟರ್ ಇದ್ದ ಕಾಲದ ನಂಬಿಕೆ ಅದು. ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಗೇರ್ ಹಾಕಿದಂತೆಯೇ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ, ಇಂಜಿನ್ ತಕ್ಕಷ್ಟು ವೇಗದಲ್ಲಿ ತಿರುಗುತ್ತಿರುವವರೆಗೆ ಕಂಪ್ಯೂಟರ್ ಇಂಧನದ ಪೂರೈಕೆಯನ್ನು ಸಂಪೂರ್ಣ ನಿಲ್ಲಿಸುತ್ತದೆ. ಇಂಜಿನ್ನನ್ನು ಆಗ ತಿರುಗಿಸುವುದು ಚಕ್ರಗಳೇ. ನ್ಯೂಟ್ರಲ್ ಮಾಡಿದ ಕ್ಷಣ ಚಕ್ರಗಳ ನಂಟು ಕಡಿದು, ಇಂಜಿನ್ ನಿಂತುಹೋಗದಂತೆ ಕಂಪ್ಯೂಟರ್ ಮತ್ತೆ ಪೆಟ್ರೋಲ್ ಕೊಡಲು ತೊಡಗುತ್ತದೆ. ಸಣ್ಣ ಇಂಜಿನ್ ಹೀಗೆ ಸುಮ್ಮನೆ ತಿರುಗುವುದಕ್ಕೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರಿನವರೆಗೆ ಬೇಕು. ಅಂದರೆ 20 ನಿಮಿಷದ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದವರು ಕಾಲು ಲೀಟರಿಗೆ ಸಮೀಪ ಖರ್ಚು ಮಾಡಿದರೆ, ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಕಾಲು ತೆಗೆದು ಇಳಿದವರು ಬಹುಪಾಲು ದಾರಿಗೆ ಹನಿಯನ್ನೂ ಖರ್ಚು ಮಾಡಿರುವುದಿಲ್ಲ. ಹತ್ತುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ ಗೇರ್ ಎಂಬ ಹಿರಿಯ ಚಾಲಕರ ಮಾತು ಸುರಕ್ಷತೆಗೂ ಸರಿ, ಮೈಲೇಜಿಗೂ ಸರಿ. ತಾನಾಗಿ ಗೇರ್ ಬದಲಿಸಿಕೊಳ್ಳುವ ಎ.ಎಂ.ಟಿ. ಕಾರು ಇರುವವರು ಇಳಿಯುವಾಗ ಮ್ಯಾನ್ಯುಯಲ್‌ಗೆ ಹಾಕಿ ಗೇರನ್ನು ತಾವೇ ಹಿಡಿದಿಟ್ಟುಕೊಳ್ಳಬೇಕು.

ಇನ್ನು ನಿಮ್ಮ ಇಂಜಿನ್ ದೋಷದ ಅನುಮಾನ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ; ಕುಮಟಾ ಕಡಲ ದಂಡೆಯಲ್ಲಿದೆ. ಜನರೂ ಸಾಮಾನೂ ಸೇರಿ 1200 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು ಸುಮಾರು 70 ಲಕ್ಷ ಜೂಲ್ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 320 ಲಕ್ಷ ಜೂಲ್ ಇದ್ದರೂ ಚಕ್ರಕ್ಕೆ ತಲುಪುವುದು ಅದರ ನಾಲ್ಕನೆಯ ಒಂದು ಭಾಗ ಮಾತ್ರ. ಉಳಿದದ್ದು ರೇಡಿಯೇಟರಿನಿಂದಲೂ ಸೈಲೆನ್ಸರಿನಿಂದಲೂ ಶಾಖವಾಗಿ ಹೋಗುತ್ತದೆ. ಹಾಗಾಗಿ ಏರುವುದಕ್ಕೆಂದೇ ಹೆಚ್ಚುವರಿಯಾಗಿ ಸುಮಾರು 0.9 ಲೀಟರ್ ಬೇಕಾಯಿತು. ಸುಮಾರು 60 ಕಿ.ಮೀ. ದಾರಿಗೆ 18ರ ಲೆಕ್ಕದಲ್ಲಿ 3.3 ಲೀಟರ್ ಸಾಕಾಗುವ ಕಡೆ ಈಗ 4.2 ಆಯಿತು; ಭಾಗಿಸಿ ನೋಡಿದರೆ ಲೀಟರಿಗೆ 14 ಕಿ.ಮೀ. ಬರುತ್ತದೆ. ನೀವು ಬರೆದ ಸಂಖ್ಯೆಯೂ ಅದೇ. ನಿಮ್ಮ ಇಂಜಿನ್ ಸರಿಯಾಗಿಯೇ ಇದೆ. ಮೈಲೇಜನ್ನು ಹೋಗಿ ಬರುವ ಎರಡೂ ದಾರಿ ಸೇರಿಸಿ ಅಳೆಯಿರಿ, ಏಕೆಂದರೆ ಹತ್ತುವಾಗ ಕೊಟ್ಟದ್ದರಲ್ಲಿ ಒಂದು ಪಾಲನ್ನು ಇಳಿಜಾರು ಮರಳಿ ಕೊಡುತ್ತದೆ.

ಆದರೆ ಅದು ಎಷ್ಟನ್ನು ಮರಳಿ ಕೊಡುತ್ತದೆ ಎಂಬುದು ನಿಮ್ಮ ಬಲಗಾಲಿನಲ್ಲಿದೆ. ತಿರುವಿನ ಬಾಯಿಗೆ ವೇಗವಾಗಿ ನುಗ್ಗಿ ಗಕ್ಕನೆ ಬ್ರೇಕ್ ಒತ್ತಿ, ತಿರುವು ದಾಟಿದ ಮೇಲೆ ಮತ್ತೆ ಆಕ್ಸಿಲರೇಟರ್ ಒತ್ತುವವರು ಇಳಿಜಾರು ಕೊಟ್ಟದ್ದನ್ನೆಲ್ಲ ಬ್ರೇಕಿನ ಬಿಸಿಗೆ ಸುರಿಯುತ್ತಾರೆ. ಹತ್ತುವಾಗಲೂ ಹಾಗೆಯೇ: ತಿರುವಿಗೆ ಮೊದಲೇ ಗೇರ್ ಇಳಿಸಿ, ಒಂದೇ ಹದದ ವೇಗದಲ್ಲಿ ಏರಿ. ದೊಡ್ಡ ಗೇರಿನಲ್ಲಿದ್ದರೆ ಪೆಟ್ರೋಲ್ ಉಳಿಯುತ್ತದೆಂದು ಇಂಜಿನ್ ನಡುಗುತ್ತಿದ್ದರೂ ನಾಲ್ಕನೆಯ ಗೇರಿನಲ್ಲೇ ಎಳೆಸುವುದು ತಪ್ಪು. ಅದರಿಂದ ಇಂಜಿನ್ನಿಗೂ ಕ್ಲಚ್ಚಿಗೂ ಪೆಟ್ಟು. ಏರುತ್ತಿರುವ ವಾಹನಕ್ಕೆ ಇಳಿಯುತ್ತಿರುವವರು ದಾರಿ ಬಿಡಬೇಕೆಂಬ ನಿಯಮದ ಹಿಂದೆಯೂ ಇದೇ ಅರ್ಥವಿದೆ. ತುಂಬಿದ ಲಾರಿಯೊಂದು ಏರಿನ ನಡುವೆ ನಿಂತು ಮತ್ತೆ ಹೊರಡಲು ಎಷ್ಟು ಡೀಸೆಲ್ ಸುಡುತ್ತದೆ ಎಂಬುದನ್ನು ನೆನೆದರೆ, ನಾವು ಅರೆನಿಮಿಷ ಬದಿಗೆ ನಿಲ್ಲುವುದು ದೊಡ್ಡ ಮಾತಲ್ಲ.

ಪ್ರಶ್ನೆ: ಕೆಲಸದ ನಿಮಿತ್ತ ಭಟ್ಕಳದಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಆಗಾಗ ಓಡಾಡುತ್ತೇನೆ. ರಸ್ತೆ ಅಗಲವಾದ ಮೇಲೆ ಮೈಲೇಜ್ ಹೆಚ್ಚಬೇಕಿತ್ತು, ಕಡಿಮೆಯಾಗಿದೆ. ಎ.ಸಿ. ಬಂದ್ ಮಾಡಿ ಕಿಟಕಿ ತೆರೆದರೂ ಬದಲಾಗಿಲ್ಲ.
— ಓರ್ವ ವ್ಯಾಪಾರಿ, ಭಟ್ಕಳ

ಉತ್ತರ: ರಸ್ತೆ ಅಗಲವಾದಾಗ ನಿಮ್ಮ ವೇಗವೂ ಏರಿತಲ್ಲ, ಕಾರಣ ಅಲ್ಲಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 80ರಲ್ಲಿ ಹೋಗುವವರು 100ಕ್ಕೆ ಏರಿದರೆ ವೇಗ ಹೆಚ್ಚಿದ್ದು ಕಾಲು ಪಾಲು, ಗಾಳಿಯ ತಡೆ ಹೆಚ್ಚಿದ್ದು ಶೇ 56. ನೂರು ಕಿಲೋಮೀಟರಿಗೆ ಇದರಿಂದ ಉಳಿಯುವ ಸಮಯ 15 ನಿಮಿಷ, ಅದೂ ಎಲ್ಲಿಯೂ ನಿಲ್ಲದೆ ಹೋದರೆ. ನಡುವೆ ಹೊನ್ನಾವರ, ಕುಮಟಾ, ಅಂಕೋಲಾ ಇವೆ, ಟೋಲ್ ಇದೆ, ಊರೂರಿನ ಅಡ್ಡರಸ್ತೆಗಳಿವೆ. 80ರ ಆಸುಪಾಸಿನಲ್ಲಿ ಕಡೆಯ ಗೇರಿನಲ್ಲಿ ಸಾಗಿ ಒಂದು ವಾರ ಅಳೆದು ನೋಡಿ; ಬೇರೆ ಯಾವ ರಿಪೇರಿಯೂ ಕೊಡದಷ್ಟು ವ್ಯತ್ಯಾಸ ಕಾಣುತ್ತದೆ.

ಕಿಟಕಿ ಮತ್ತು ಎ.ಸಿ. ಪೈಕಿ ಯಾವುದು ಎಂಬುದಕ್ಕೆ ಪೇಟೆಯ ನಿಧಾನದ ಓಡಾಟದಲ್ಲಿ ಕಿಟಕಿ, ಹೆದ್ದಾರಿಯಲ್ಲಿ ಎ.ಸಿ. ಎಂಬ ಉತ್ತರ ಸಾಕು, ಏಕೆಂದರೆ ವೇಗದಲ್ಲಿ ತೆರೆದ ಕಿಟಕಿಯೂ ಗಾಳಿಯ ತಡೆಯನ್ನು ಹೆಚ್ಚಿಸುತ್ತದೆ. ಮಳೆಗಾಲದಲ್ಲಿ ಗಾಜಿನ ಮೇಲೆ ಆವಿ ಕಟ್ಟಿದಾಗ ಮಾತ್ರ ಯಾವ ಲೆಕ್ಕವನ್ನೂ ಹಾಕದೆ ಎ.ಸಿ. ಹಾಕಿ. ಅಂಗಡಿಯ ಸಾಮಾನಿಗೆಂದು ಚಾವಣಿಯ ಮೇಲೆ ಕ್ಯಾರಿಯರ್ ಕೂರಿಸಿದ್ದರೆ, ಖಾಲಿ ಇರುವ ದಿನಗಳಲ್ಲಿ ಕಳಚಿಡಿ.

ಹೆದ್ದಾರಿಯಲ್ಲಿ ಇಂಧನ ಹೋಗುವ ಇನ್ನೊಂದು ದಾರಿಯತ್ತ ಯಾರೂ ಗಮನ ಕೊಡುವುದಿಲ್ಲ. 1100 ಕಿಲೋ ತೂಕದ ಕಾರು ನಿಂತಲ್ಲಿಂದ 80ರ ವೇಗ ಪಡೆಯಲು, ಹಿಂದೆ ಹೇಳಿದ ನಾಲ್ಕನೆಯ ಒಂದು ಭಾಗದ ಲೆಕ್ಕದಲ್ಲಿ, ಸುಮಾರು 34 ಮಿಲಿಲೀಟರ್ ಪೆಟ್ರೋಲ್ ಬೇಕು. ಕೆಮ್ಮಿನ ಔಷಧದ ಮುಚ್ಚಳದಲ್ಲಿ ಮೂರು ಸಲ ಅಳೆದು ಹೊಯ್ಯುವಷ್ಟು. ಎದುರಿನ ಬಸ್ಸು ನಿಲ್ದಾಣದಲ್ಲಿ ನಿಲ್ಲಲಿದೆ ಎಂಬುದು ದೂರದಿಂದಲೇ ಕಾಣುತ್ತಿದ್ದರೂ ಅದರ ಬೆನ್ನಿಗೆ ಹೋಗಿ ಬ್ರೇಕ್ ಒತ್ತಿ ನಿಂತರೆ ಆ ಮೂರು ಮುಚ್ಚಳವನ್ನು ರಸ್ತೆಗೆ ಚೆಲ್ಲಿದಂತೆ. ಮೂವತ್ತು ಸಲ ಹೀಗೆ ಮಾಡಿದರೆ ಒಂದು ಲೀಟರ್. ಇನ್ನೂರು ಮುನ್ನೂರು ಮೀಟರ್ ಮೊದಲೇ ಕಾಲು ತೆಗೆದು, ಗೇರಿನಲ್ಲಿಯೇ ಸಾಗುತ್ತ ಬಂದರೆ ಆ ದೂರವನ್ನು ಕಾರು ಇಂಧನವಿಲ್ಲದೆ ಕ್ರಮಿಸುತ್ತದೆ, ಅಷ್ಟರಲ್ಲಿ ಎಷ್ಟೋ ಸಲ ಬಸ್ಸೂ ಹೊರಟಿರುತ್ತದೆ. ಬ್ರೇಕ್ ಬೇಕಾದಾಗ ಒತ್ತಲೇಬೇಕು, ಅದಕ್ಕೆ ಎರಡು ಮಾತಿಲ್ಲ. ಆದರೆ ಬೇಕಾಗುವ ಸಂದರ್ಭಗಳೇ ಕಡಿಮೆಯಾಗುವ ಹಾಗೆ ದೂರ ನೋಡುತ್ತ ಓಡಿಸುವವರು ಮೈಲೇಜನ್ನೂ ಪಡೆಯುತ್ತಾರೆ, ಪ್ಯಾಡುಗಳ ಖರ್ಚನ್ನೂ ಉಳಿಸುತ್ತಾರೆ.

ಪ್ರಶ್ನೆ: ಪ್ರತಿ ವರ್ಷ ಮಳೆಗಾಲದ ನಂತರ ಕಾರು ಭಾರವಾದಂತೆ ಅನ್ನಿಸುತ್ತದೆ. ಗ್ಯಾರೇಜಿನಲ್ಲಿ ಏರ್ ಫಿಲ್ಟರ್ ಬದಲಿಸಿ, ಇಂಜೆಕ್ಟರ್ ಸ್ವಚ್ಛ ಮಾಡಿಕೊಟ್ಟರು. ಮೈಲೇಜ್ ಮಾತ್ರ ಹಾಗೆಯೇ ಇದೆ.
— ಓರ್ವ ಓದುಗರು, ಹೊನ್ನಾವರ

ಉತ್ತರ: ‘ಭಾರವಾದಂತೆ’ ಎಂಬ ನಿಮ್ಮ ಮಾತೇ ರೋಗವನ್ನು ಹೇಳುತ್ತಿದೆ. ಇಂಜಿನ್ನನ್ನು ಬಿಟ್ಟು ಚಕ್ರಗಳನ್ನು ನೋಡಿ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ, ಗಾಳಿಯಲ್ಲಿ ಉಪ್ಪಿದೆ. ಈ ಎರಡೂ ಸೇರಿ ಬ್ರೇಕಿನ ಭಾಗಗಳಿಗೆ ತುಕ್ಕು ಹಿಡಿಸುತ್ತವೆ. ಮುಂದಿನ ಡಿಸ್ಕ್ ಬ್ರೇಕಿನಲ್ಲಿ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಜಾರುವ ಪಿನ್ನುಗಳು ಒಣಗಿ ಬಿಗಿದುಕೊಂಡರೆ, ಕಾಲು ತೆಗೆದ ಮೇಲೂ ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಹಿಂದಿನ ಡ್ರಮ್ಮಿನಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕಿನಿಂದ ಪೂರ್ತಿ ಹಿಂದಕ್ಕೆ ಸರಿಯದೆ ಅದೇ ತೊಂದರೆ ಕೊಡುತ್ತದೆ. ಹೀಗೆ ಸದಾ ಅರೆಬರೆ ಬ್ರೇಕ್ ಹಿಡಿದು ಓಡುವ ಕಾರಿಗೆ ಎಷ್ಟು ಹೊಸ ಫಿಲ್ಟರ್ ಹಾಕಿದರೂ ಏನೂ ಪ್ರಯೋಜನವಾಗದು. ನನ್ನದೇ ಕಾರು ಒಂದು ಮಳೆಗಾಲದ ನಂತರ 17ರಿಂದ 13ಕ್ಕೆ ಇಳಿದಾಗ ನಾನೂ ಪ್ಲಗ್ಗು, ಸೆನ್ಸರು ಎಂದು ಎರಡು ಗ್ಯಾರೇಜ್ ಸುತ್ತಿದೆ. ಕೊನೆಗೆ ಟೈರ್ ಬದಲಿಸಲು ಜಾಕ್ ಹಾಕಿದಾಗ ಎಡಗಡೆಯ ಹಿಂದಿನ ಚಕ್ರ ಕೈಯಿಂದ ತಿರುಗಿಸಿದರೆ ಅರ್ಧ ಸುತ್ತೂ ಹೋಗದಿರುವುದು ಕಂಡಿತು.

ನೀವು ಮನೆಯಲ್ಲಿಯೇ ಪರೀಕ್ಷಿಸಬಹುದು. ಸಪಾಟು ನೆಲದಲ್ಲಿ ನ್ಯೂಟ್ರಲ್ ಮಾಡಿ, ಒಬ್ಬರು ಬ್ರೇಕಿನ ಬಳಿ ಸಿದ್ಧರಾಗಿ ಕುಳಿತಿರಲಿ, ಇನ್ನೊಬ್ಬರು ಹಿಂದಿನಿಂದ ತಳ್ಳಲಿ. ಸಣ್ಣ ಕಾರು ಒಬ್ಬರ ಬಲಕ್ಕೆ ಸರಿಯಬೇಕು. ಇನ್ನೊಂದು ಉಪಾಯವೆಂದರೆ ಹತ್ತು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಬಳಿ ಅಂಗೈ ಒಡ್ಡುವುದು. ಮುಟ್ಟಬೇಡಿ, ಸುಟ್ಟೀತು. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಹೆಚ್ಚು ಬಿಸಿ ಸೂಸುತ್ತಿದ್ದರೆ ದೋಷ ಅಲ್ಲಿದೆ. ಪಿನ್ನುಗಳನ್ನು ಬಿಚ್ಚಿ ಒರೆಸಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿಸಿ. ಸಾಮಾನ್ಯ ಗ್ರೀಸ್ ಹಚ್ಚಿದರೆ ಒಳಗಿನ ರಬ್ಬರ್ ಉಬ್ಬಿ ಮತ್ತೆ ಬಿಗಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಾರನ್ನು ನಾಲ್ಕೈದು ದಿನ ಬಿಟ್ಟು ಹೋಗುವುದಿದ್ದರೆ, ಸಪಾಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಮರದ ತುಂಡನ್ನೋ ಕಲ್ಲನ್ನೋ ಕೊಟ್ಟು ನಿಲ್ಲಿಸಿ. ಒದ್ದೆ ಡ್ರಮ್ಮಿಗೆ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಒಳಗಿನ ಬ್ರೇಕ್ ಶೂಗಳು ಅಲ್ಲಿಯೇ ಅಂಟಿಕೊಳ್ಳುತ್ತವೆ.

ಏರ್ ಫಿಲ್ಟರಿನ ಬಗ್ಗೆಯೂ ಒಂದು ಮಾತು. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಿನಲ್ಲಿ ಒಳಬರುವ ಗಾಳಿಯನ್ನು ಅಳೆದೇ ಕಂಪ್ಯೂಟರ್ ಪೆಟ್ರೋಲ್ ಕೊಡುವುದರಿಂದ, ಫಿಲ್ಟರ್ ತುಸು ಕಟ್ಟಿದರೆ ಕಾರಿನ ಓಟ ಮಂದವಾಗುತ್ತದೆಯೇ ಹೊರತು ಮೈಲೇಜ್ ಅಷ್ಟಾಗಿ ಕುಸಿಯುವುದಿಲ್ಲ. ಕೆಂಪು ಧೂಳಿನ ರಸ್ತೆಯವರು ಇಂಜಿನ್ನಿನ ಆಯುಷ್ಯಕ್ಕಾಗಿ ಅದನ್ನು ಸಮಯಕ್ಕೆ ಬದಲಿಸಬೇಕು, ಅದು ಬೇರೆ ಮಾತು.

ಪ್ರಶ್ನೆ: ಕೋಡಿಬಾಗದ ಮನೆಯಿಂದ ಕಚೇರಿಗೆ ಎರಡೂವರೆ ಕಿಲೋಮೀಟರ್. ಬಿ.ಎಸ್. 6 ಡೀಸೆಲ್ ಕಾರು ತೆಗೆದುಕೊಂಡಿದ್ದೇನೆ. ಮೈಲೇಜ್ 11 ದಾಟುವುದಿಲ್ಲ, ಆಗಾಗ ಒಂದು ಎಚ್ಚರಿಕೆಯ ದೀಪವೂ ಹೊತ್ತುತ್ತದೆ.
— ಓರ್ವ ಸರ್ಕಾರಿ ನೌಕರರು, ಕಾರವಾರ

ಉತ್ತರ: ಇಷ್ಟು ಸಣ್ಣ ಓಡಾಟಕ್ಕೆ ಈ ಕಾರು ಹೊಂದುವುದಿಲ್ಲ ಎಂದು ಹೇಳಲು ನನಗೆ ಬೇಸರವಾಗುತ್ತದೆ, ಆದರೆ ಸತ್ಯ ಅದೇ. ಯಾವುದೇ ಇಂಜಿನ್ ತನ್ನ ಹದದ ಬಿಸಿಗೆ ಬರಲು ಕೆಲವು ಕಿಲೋಮೀಟರ್ ಓಡಬೇಕು; ಅಲ್ಲಿಯವರೆಗೆ ಆಯಿಲ್ ದಪ್ಪವಾಗಿರುತ್ತದೆ, ಇಂಧನ ಹೆಚ್ಚು ಬೇಕಾಗುತ್ತದೆ. ನಿಮ್ಮ ಇಂಜಿನ್ ಬಿಸಿಯಾಗುವಷ್ಟರಲ್ಲಿ ಕಚೇರಿ ಬಂದಿರುತ್ತದೆ. ಇದರ ಮೇಲೆ, 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ಮಾಲಿನ್ಯ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಒಂದು ಫಿಲ್ಟರ್ ಇದೆ. ಅದು ತುಂಬಿದಾಗ ಹೆಚ್ಚುವರಿ ಡೀಸೆಲ್ ಸುಟ್ಟು, ಆ ಶಾಖದಿಂದ ಮಸಿಯನ್ನು ಬೂದಿ ಮಾಡುತ್ತದೆ. ಈ ಕೆಲಸ ಮುಗಿಯುವ ಮೊದಲೇ ನೀವು ಕೀಲಿ ತಿರುಗಿಸಿದರೆ, ಮುಂದಿನ ಸಲ ಮತ್ತೆ ಮೊದಲಿನಿಂದ ಶುರು. ಡೀಸೆಲ್ ಹೀಗೆ ವ್ಯರ್ಥವಾಗುತ್ತದೆ, ದೀಪವೂ ಬಹುಶಃ ಅದನ್ನೇ ಹೇಳುತ್ತಿದೆ; ಕಾರಿನ ಕೈಪಿಡಿಯಲ್ಲಿ ಚಿಹ್ನೆಯನ್ನು ಹೋಲಿಸಿ ಖಚಿತಪಡಿಸಿಕೊಳ್ಳಿ.

ವಾರಕ್ಕೊಮ್ಮೆ ಅಂಕೋಲಾದವರೆಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿ ಬನ್ನಿ. ಎಲ್ಲಾದರೂ ಹೋಗುವ ಕೆಲಸವಿದ್ದಾಗ ಅದನ್ನು ಜೋಡಿಸಿಕೊಳ್ಳಿ. ಪೇಟೆಯ ಸಣ್ಣ ಪುಟ್ಟ ಕೆಲಸಗಳನ್ನು ಬೇರೆ ಬೇರೆ ಹೊತ್ತಿಗೆ ಮಾಡದೆ ಒಂದೇ ಸುತ್ತಿನಲ್ಲಿ ಮುಗಿಸಿದರೆ ಇಂಜಿನ್ ಬಿಸಿಯಾಗಿರುವಾಗಲೇ ಎಲ್ಲವೂ ಆಗುತ್ತದೆ. ಬೆಳಿಗ್ಗೆ ಅಂಗಳದಲ್ಲಿ ಹತ್ತು ನಿಮಿಷ ಇಂಜಿನ್ ಓಡಿಸಿ ಬಿಸಿ ಮಾಡುವ ಅಭ್ಯಾಸವಿದ್ದರೆ ಬಿಟ್ಟುಬಿಡಿ; ಕಾರವಾರದಲ್ಲಿ ಅಂಥ ಚಳಿ ಯಾವ ತಿಂಗಳಿನಲ್ಲಿಯೂ ಇಲ್ಲ. ಅರ್ಧ ನಿಮಿಷ ಸಾಕು, ಆಮೇಲೆ ಮೊದಲ ಎರಡು ಕಿಲೋಮೀಟರನ್ನು ಮೆಲ್ಲಗೆ ಓಡಿಸಿ. ಶಾಲೆಯ ಗೇಟಿನಲ್ಲಿ ಮಕ್ಕಳಿಗಾಗಿ ಕಾಯುವಾಗಲೂ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಇಂಜಿನ್ ಬಂದ್ ಮಾಡಿ. ಮಳೆಯಿಲ್ಲದ ದಿನಗಳಲ್ಲಿ ಎರಡೂವರೆ ಕಿಲೋಮೀಟರಿಗೆ ಸೈಕಲ್ ಸಾಕಾಗುತ್ತದೆ ಎಂಬುದನ್ನೂ ಹೇಳದಿದ್ದರೆ ನನ್ನ ಉತ್ತರ ಪೂರ್ಣವಾಗದು.

ಪ್ರಶ್ನೆ: ಪೆಟ್ರೋಲಿಗೆ ಎಥನಾಲ್ ಬೆರೆಸುವುದರಿಂದ ಮೈಲೇಜ್ ಅರ್ಧಕ್ಕಿಳಿಯುತ್ತದೆ ಎನ್ನುತ್ತಾರೆ. ನಮ್ಮದು 2016ರ ಕಾರು.
— ಓರ್ವ ಕಬ್ಬು ಬೆಳೆಗಾರರು, ಹಳಿಯಾಳ

ಉತ್ತರ: ಅರ್ಧಕ್ಕಿಳಿಯುವುದಿಲ್ಲ, ಆದರೆ ಇಳಿಯುವುದು ನಿಜ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥನಾಲಿನಲ್ಲಿ ಸುಮಾರು 21 ಇದೆ. ಶೇ 20 ಬೆರೆಸಿದ ಇ20 ಇಂಧನದ ಒಂದು ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 7ರಷ್ಟು, ಈ ಮೊದಲು ಸಿಗುತ್ತಿದ್ದ ಇ10ಕ್ಕಿಂತ ಶೇ 3.5ರಷ್ಟು ಶಕ್ತಿ ಕಡಿಮೆ. ಇ10ರಲ್ಲಿ 18 ಕೊಡುತ್ತಿದ್ದ ಕಾರು 17.4ಕ್ಕೆ ಇಳಿದರೆ ಅದು ಇಂಧನದ ಗುಣ. 14ಕ್ಕೆ ಇಳಿದಿದ್ದರೆ ದೋಷ ಬೇರೆಡೆ ಇದೆ, ಹೊನ್ನಾವರದವರಿಗೆ ಕೊಟ್ಟ ಉತ್ತರದಿಂದ ಹುಡುಕಲು ಆರಂಭಿಸಿ. 2023ರ ಏಪ್ರಿಲ್‌ಗೂ ಹಿಂದಿನ ನಿಮ್ಮಂಥ ಕಾರುಗಳಲ್ಲಿ ಇಂಧನದ ರಬ್ಬರ್ ನಳಿಕೆಗಳು, ವಾಷರುಗಳು ಇ20ಕ್ಕೆಂದು ಮಾಡಿದವಲ್ಲ. ಸರ್ವಿಸಿನ ವೇಳೆ ಅವು ಬಿರಿದಿವೆಯೇ, ಜಿನುಗುತ್ತಿವೆಯೇ ಎಂದು ನೋಡಿಸಿ, ಬದಲಿಸುವುದಾದರೆ ಇ20ಕ್ಕೆ ಹೊಂದುವಂಥವನ್ನೇ ಕೇಳಿ ಹಾಕಿಸಿ. ಎಥನಾಲ್ ತೇವವನ್ನು ಹೀರುವುದರಿಂದ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕನ್ನು ಬಹುಪಾಲು ತುಂಬಿಸಿಡುವುದು ಒಳ್ಳೆಯದು.

ಪ್ರಶ್ನೆ: ಬೆಳಗಿನ ಜಾವ ಪೆಟ್ರೋಲ್ ಹಾಕಿಸಿದರೆ ಹೆಚ್ಚು ಸಿಗುತ್ತದೆಯೇ? ಟ್ಯಾಂಕಿಗೆ ಹಾಕುವ ದ್ರಾವಣ, ಪೈಪಿಗೆ ಕಟ್ಟುವ ಅಯಸ್ಕಾಂತ, ಇವುಗಳಿಂದ ಲಾಭವಿದೆಯೇ?
— ಓರ್ವ ವಿದ್ಯಾರ್ಥಿ, ಅಂಕೋಲಾ

ಉತ್ತರ: ಬಂಕಿನ ಟ್ಯಾಂಕ್ ನೆಲದಡಿಯಲ್ಲಿರುವುದರಿಂದ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅದರ ಉಷ್ಣತೆ ಹೆಚ್ಚು ಬದಲಾಗದು, ಒಂದು ಡಿಗ್ರಿಗೆ ಪೆಟ್ರೋಲ್ ಹಿಗ್ಗುವುದೂ ಸುಮಾರು ಸಾವಿರದಲ್ಲೊಂದು ಪಾಲು ಮಾತ್ರ. ಅಳತೆಯ ಬಗ್ಗೆ ಅನುಮಾನವಿದ್ದರೆ ಬಂಕಿನಲ್ಲಿ ಮುದ್ರೆ ಹಾಕಿದ ಐದು ಲೀಟರಿನ ಮಾಪಕ ಇರುತ್ತದೆ, ಅದರಲ್ಲಿ ಅಳೆದು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಅಯಸ್ಕಾಂತದಿಂದ ಏನೂ ಆಗುವುದಿಲ್ಲ. ದ್ರಾವಣಕ್ಕೆ ಕೊಡುವ ಹಣದಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಪ್ರಶ್ನೆ: ತೋಟದ ಕಚ್ಚಾ ರಸ್ತೆಯಲ್ಲಿ ಕುಲುಕಾಟ ಕಡಿಮೆಯಾಗಲೆಂದು ಅಪ್ಪಯ್ಯ ಟೈರುಗಳಿಗೆ ಯಾವಾಗಲೂ 25 ಪಿ.ಎಸ್.ಐ. ಗಾಳಿ ಹಾಕಿಸುತ್ತಾರೆ. ಬಾಗಿಲಿನ ಬಳಿಯ ಚೀಟಿಯಲ್ಲಿ 33 ಎಂದಿದೆ. ಎಷ್ಟು ಹೇಳಿದರೂ ಕೇಳುವುದಿಲ್ಲ. ನೈಟ್ರೋಜನ್ ಹಾಕಿಸಿದರೆ ಸರಿಹೋದೀತೇ?
— ಓರ್ವ ಓದುಗರು, ಯಲ್ಲಾಪುರ

ಉತ್ತರ: ನಾವು ಉಸಿರಾಡುವ ಗಾಳಿಯಲ್ಲಿಯೇ ಶೇ 78ರಷ್ಟು ನೈಟ್ರೋಜನ್ ಇದೆ. ದುಡ್ಡು ಕೊಟ್ಟು ಹಾಕಿಸಿದ ನೈಟ್ರೋಜನ್ ತುಸು ನಿಧಾನವಾಗಿ ಇಳಿಯಬಹುದು, ಆದರೆ 25 ಇದ್ದರೆ ಅದೂ 25 ಮಾತ್ರ. ತಿಂಗಳಿಗೆರಡು ಸಲ, ಕಾರು ಎರಡು ಕಿಲೋಮೀಟರಿಗಿಂತ ಹೆಚ್ಚು ಓಡುವ ಮೊದಲು, ಟೈರ್ ತಣ್ಣಗಿರುವಾಗ ಅಳೆಯಿಸುವುದು ಮುಖ್ಯ. ಸ್ಟೆಪ್ನಿಯನ್ನೂ ಮರೆಯಬೇಡಿ.

ಮೈಲೇಜಿನ ಮಟ್ಟಿಗೆ ಒಂದೊಂದು ಪಿ.ಎಸ್.ಐ. ಕಡಿಮೆಯಾದಾಗಲೂ ಆಗುವ ನಷ್ಟ ಶೇ 0.2ರ ಆಸುಪಾಸು, ಅಂದರೆ ನಿಮ್ಮ ಎಂಟಕ್ಕೆ ಶೇ 1.6. ಇದು ಸಣ್ಣ ಮೊತ್ತವೇ, ಅದನ್ನು ಹಿಗ್ಗಿಸಿ ಹೇಳಲು ನನಗೆ ಮನಸ್ಸಿಲ್ಲ. ನನಗೆ ಚಿಂತೆಯಿರುವುದು ಬೇರೆಯದರ ಬಗ್ಗೆ. ಗಾಳಿ ಕಡಿಮೆಯಿರುವ ಟೈರಿನ ಪಕ್ಕ ಪ್ರತಿ ಸುತ್ತಿಗೂ ಹೆಚ್ಚು ಮಡಿಚಿಕೊಂಡು ಒಳಗೇ ಕಾಯುತ್ತದೆ. ಅಂಥ ಟೈರಿನಲ್ಲಿ ನಾಲ್ಕು ಜನ, ಎರಡು ಮೂಟೆ ಸಾಮಾನು ಹೇರಿಕೊಂಡು ಅರಬೈಲ್ ಘಟ್ಟ ಇಳಿದು ಹೆದ್ದಾರಿಗೆ ಸೇರಿದರೆ ಅದು ಒಡೆಯುವ ಅಪಾಯ ನಿಜವಾದದ್ದು. ಮಳೆಯಲ್ಲಿ ನೀರು ನಿಂತ ರಸ್ತೆಯ ಮೇಲೆ ಹಿಡಿತ ತಪ್ಪುವುದೂ ಮೆತ್ತಗಿನ ಟೈರಿನಲ್ಲಿಯೇ ಹೆಚ್ಚು. ತೋಟದ ದಾರಿಯ ಕುಲುಕಾಟಕ್ಕೆ ವೇಗ ಇಳಿಸುವುದೊಂದೇ ಸರಿಯಾದ ಮದ್ದು.

ಅಪ್ಪಯ್ಯನವರಿಗೆ ಚೀಟಿಯನ್ನು ತೋರಿಸುವ ಬದಲು, ಮುಂದಿನ ಸಲ ಪಂಕ್ಚರ್ ಅಂಗಡಿಯಲ್ಲಿ ಚಕ್ರ ಬಿಚ್ಚಿದಾಗ ಅವರನ್ನೂ ಕರೆದು ಟೈರಿನ ಮೇಲೆ ಕೈಯಾಡಿಸಲು ಹೇಳಿ. ನಡುಭಾಗದ ಗೆರೆಗಳು ಇನ್ನೂ ಆಳವಾಗಿದ್ದು, ಎರಡೂ ಅಂಚುಗಳು ಸವೆದು ನುಣ್ಣಗಾಗಿರುವುದು ಬೆರಳಿಗೇ ತಿಳಿಯುತ್ತದೆ.